ಟೆಂಪೊ ಹತ್ತಿದ ಬೈಕು

ತಳಿಯಿಂದ ಹೊಸೂರಿಗೆ ಬರುವ ರಸ್ತೆಯಲ್ಲಿ ಬೆಳಗಿನ ಹೊತ್ತು ಸ್ವಲ್ಪ ನಿಂತರೆ ಈ ನೋಟ ಕಣ್ಣಿಗೆ ಬಿದ್ದೇ ಬೀಳುತ್ತದೆ. ಟಾಟಾ ಏಸ್ ಒಂದರ ಹಿಂದೆ ಕೆಟ್ಟು ನಿಂತ ಬೈಕು, ಸೈಡ್ ಸ್ಟ್ಯಾಂಡ್ ಮೇಲೆ ವಾಲಿಕೊಂಡಿದೆ. ಹ್ಯಾಂಡಲಿನಿಂದ ಬಾಡಿಯ ಕೊಂಡಿಗೆ ಹಸಿರು ಪ್ಲಾಸ್ಟಿಕ್ ಹಗ್ಗ ಎರಡು ಸುತ್ತು. ಸೀಟಿನ ಮೇಲೆ ಕಾಲು ಇಳಿಬಿಟ್ಟು ಕೂತ ಹುಡುಗ. ಬೈಕು ಬೀಳದಂತೆ ಹುಡುಗ ಹಿಡಿದಿದ್ದಾನೆ, ಹುಡುಗ ಬೀಳದಂತೆ ಬೈಕು ಹಿಡಿದಿದೆ. ಡ್ರೈವರನ್ನು ಕೇಳಿ ನೋಡಿ, “ಏನೂ ಆಗಲ್ಲ ಬಿಡಣ್ಣ, ದಿನಾ ಒಯ್ತೀವಿ” ಅನ್ನುತ್ತಾನೆ. ಬಹಳ ದಿನ ಏನೂ ಆಗುವುದಿಲ್ಲ, ನಿಜ. ಆಗುವ ದಿನ ಆಗುವುದು ಬಣ್ಣವಿಲ್ಲದ ಹಂಪಿನ ಮೇಲೆ, ಇಲ್ಲವೇ ಎಮ್ಮೆ ಅಡ್ಡ ಬಂದು ಬ್ರೇಕ್ ಒತ್ತಿದಾಗ.

ಗುಮ್ಮಳಾಪುರದಂಥ ಊರಿಗೆ ಇದು ಸಣ್ಣ ವಿಷಯವಲ್ಲ. ಜಿಲ್ಲೆ ಕೃಷ್ಣಗಿರಿ, ರಾಜ್ಯ ತಮಿಳುನಾಡು, ಮನೆಮಾತು ಕನ್ನಡ, ಗಡಿಯ ಆಚೆ ಆನೇಕಲ್ ಸೀಮೆ. ಕೆನೆತ್ ಆಂಡರ್ಸನ್ ತನ್ನ 1954ರ ಬೇಟೆ ಪುಸ್ತಕದಲ್ಲಿ ಇಲ್ಲಿನ ನರಭಕ್ಷಕ ಚಿರತೆಯ ಕಥೆ ಬರೆದ ಮೇಲೆ ಹೊರಗಿನವರಿಗೂ ಊರಿನ ಹೆಸರು ಗೊತ್ತಾಯಿತು. ಊರಿನವರಿಗೆ ಗೊತ್ತಿರುವ ಸಂಗತಿ ಬೇರೆ: ಬಸ್ಸು ತಪ್ಪಿದರೆ ಬೈಕೇ ಗತಿ. ಪಂಚರ್ ಹಾಕಿಸಲು, ಕೇಬಲ್ ಬದಲಿಸಲು ಹತ್ತಿರದಲ್ಲೇ ಯಾರಾದರೂ ಸಿಗುತ್ತಾರೆ. ಇಂಜಿನ್ ಇಳಿಸುವ ಕೆಲಸ ಬಂದರೆ ಮಾತ್ರ ಬೈಕನ್ನು ಇನ್ನೊಂದು ಗಾಡಿಗೆ ಏರಿಸಿ ಹೊಸೂರಿಗೋ ಆನೇಕಲ್ಲಿಗೋ ಒಯ್ಯಬೇಕು. ಹಳೇ ಬೈಕು ಕೊಂಡು ತರುವುದು, ಬೆಂಗಳೂರಿನಲ್ಲಿ ಕೆಲಸ ಬಿಟ್ಟ ಮಗ ಸಾಮಾನಿನ ಜೊತೆ ಬೈಕನ್ನೂ ಊರಿಗೆ ಕಳಿಸುವುದು, ಇವೂ ಆಗಾಗ ಇದ್ದದ್ದೇ.

ವಿಚಿತ್ರವೆಂದರೆ, ಬೈಕನ್ನು ಗಾಡಿಯ ಮೇಲೆ ಸಾಗಿಸುವ ವಿದ್ಯೆಯನ್ನು ದಿನನಿತ್ಯ ಮಾಡಿ ತೋರಿಸುವ ಊರೇ ನಮ್ಮ ಪಕ್ಕದಲ್ಲಿದೆ. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದದ್ದು ಹೊಸೂರಿನಿಂದ. ಇವತ್ತು ಅಲ್ಲೇ ಏಥರ್ ಸ್ಕೂಟರ್ ತಯಾರಾಗುತ್ತದೆ, ಇದೇ ಜಿಲ್ಲೆಯ ಪೋಚಂಪಳ್ಳಿಯಲ್ಲಿ ಓಲಾ ಕಾರ್ಖಾನೆ ಇದೆ. ಇವುಗಳಿಂದ ಹೊರಡುವ ಕಂಟೇನರ್ ಲಾರಿಗಳ ಒಳಗೆ ಗಾಡಿಗಳು ಅಂತಸ್ತಿನ ಮೇಲೆ ಅಂತಸ್ತಾಗಿ ನಿಂತಿರುತ್ತವೆ. ದ್ವಿಚಕ್ರ ವಾಹನ ಸಾಗಿಸುವ ಲಾರಿಗೆ ಮೂರು ಅಂತಸ್ತಿನವರೆಗೆ ಇರಬಹುದು ಎಂದು ಕೇಂದ್ರ ಸಾರಿಗೆ ಸಚಿವಾಲಯ 2022ರಲ್ಲಿ ನಿಯಮವನ್ನೂ ಬದಲಿಸಿದೆ. ಆ ಲಾರಿಗಳಲ್ಲಿ ಮುಂದಿನ ಚಕ್ರ ಅಲ್ಲಾಡದಂತೆ ಚೌಕಟ್ಟು ಇರುತ್ತದೆ, ಬಿಗಿಯಲು ಬೆಲ್ಟ್ ಇರುತ್ತದೆ. ಕನ್ನಡಿಗಳನ್ನು ಬಿಚ್ಚಿಟ್ಟು ಶೋರೂಮಿನಲ್ಲೇ ಜೋಡಿಸುವುದು ವಾಡಿಕೆ. ಯಾವ ಬೈಕಿನ ಮೇಲೂ ಹುಡುಗನನ್ನು ಕೂರಿಸುವುದಿಲ್ಲ.

ಹುಡುಗ ಯಾಕೆ ಸಾಲದು ಎನ್ನುವುದಕ್ಕೆ ಸಣ್ಣ ಲೆಕ್ಕ ಸಾಕು. ಸರಕು ಬಿಗಿಯುವ ಬಗ್ಗೆ ಅಮೆರಿಕದ ಲಾರಿ ನಿಯಮ ಒಂದು ಅಳತೆ ಕೊಡುತ್ತದೆ. ಗಾಡಿ ಜೋರಾಗಿ ಬ್ರೇಕ್ ಹಾಕಿದರೆ ಸರಕು ತನ್ನ ತೂಕದ ಶೇಕಡಾ 80ರಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಅರ್ಧ ತೂಕದಷ್ಟು ಬಲದಿಂದ ಪಕ್ಕಕ್ಕೆ ಎಳೆಯುತ್ತದೆ ಎಂದಿಟ್ಟುಕೊಂಡೇ ಕಟ್ಟಬೇಕು. ಸ್ಪ್ಲೆಂಡರ್ ಸುಮಾರು 112 ಕೆ.ಜಿ. ತೂಗುತ್ತದೆ. ಅಂದರೆ ಮುಂದಕ್ಕೆ 90 ಕೆ.ಜಿ., ಪಕ್ಕಕ್ಕೆ 56 ಕೆ.ಜಿ. ಬಲ. ಬುಲೆಟ್ ಜಾತಿಯ ಕ್ಲಾಸಿಕ್ 350 ಆದರೆ 195 ಕೆ.ಜಿ., ಮುಂದಕ್ಕೆ 156. ಇದರ ಮೇಲೆ ಹುಡುಗನ ತೂಕವೂ ಅದೇ ದಿಕ್ಕಿಗೆ ನುಗ್ಗುತ್ತದೆ. ಬೈಕನ್ನು ತಡೆಯಬೇಕಾದವನೇ ಅದನ್ನು ತಳ್ಳುವವನಾಗುತ್ತಾನೆ.

ಹೊರೆ ಕಟ್ಟುವುದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ರಾಗಿ ಹುಲ್ಲಿನ ಗಾಡಿಗೆ ಮಿಣಿ ಬಿಗಿಯುವುದನ್ನು ಕಂಡವರಿಗೆ ಅದರ ಸೊಗಸು ಗೊತ್ತು. ಮೇಲಿನಿಂದ ಒತ್ತಿದಷ್ಟೂ ಹುಲ್ಲು ಕೂರುತ್ತದೆ, ಕೂತಷ್ಟೂ ಭದ್ರ. ಬೈಕನ್ನೂ ಅದೇ ಧೋರಣೆಯಲ್ಲಿ, ಅಂದರೆ ಹಗ್ಗ ಸುತ್ತಿದಷ್ಟೂ ಗಟ್ಟಿ ಎಂದುಕೊಂಡು ಕಟ್ಟುವುದರಿಂದಲೇ ಎಡವಟ್ಟು ಶುರುವಾಗುತ್ತದೆ. ಹುಲ್ಲು ಒಮ್ಮೆ ಕುಗ್ಗಿದರೆ ಮತ್ತೆ ಮೇಲೇಳುವುದಿಲ್ಲ. ಬೈಕಿಗೆ ಸ್ಪ್ರಿಂಗ್ ಇದೆ. ಹಂಪು ಬಂದಾಗ ಅದು ಇನ್ನಷ್ಟು ಕುಗ್ಗುತ್ತದೆ. ಕುಗ್ಗಿದ ಆ ಕ್ಷಣದಲ್ಲಿ ಹಗ್ಗ ಸಡಿಲವಾಗುತ್ತದೆ, ಕೊಕ್ಕೆ ಕಳಚಿಕೊಳ್ಳುತ್ತದೆ, ಸ್ಪ್ರಿಂಗ್ ಮತ್ತೆ ಎದ್ದಾಗ ಹಿಡಿಯಲು ಏನೂ ಇರುವುದಿಲ್ಲ. ಟೆಂಪೊದಲ್ಲಿ ಬೈಕು ಬಿತ್ತು ಅನ್ನುವವರನ್ನು ವಿಚಾರಿಸಿ ನೋಡಿ. ಹಗ್ಗ ಹರಿದದ್ದಕ್ಕಿಂತ ಬಿಚ್ಚಿಕೊಂಡದ್ದೇ ಹೆಚ್ಚಿರುತ್ತದೆ.

ಹಾಗಾಗಿ ಈ ಕೆಲಸದ ಗುಟ್ಟು ಇಷ್ಟೇ: ಬೈಕನ್ನು ಪಕ್ಕಕ್ಕೆ ಎಳೆದು ಕಟ್ಟಬೇಡಿ, ಕೆಳಕ್ಕೆ ಎಳೆದು ಕಟ್ಟಿ. ಮುಂದಿನ ಫೋರ್ಕಿನ ಶಾಕ್ ಎಷ್ಟು ಇಳಿಯುತ್ತದೋ ಅದರಲ್ಲಿ ಮೂರರಲ್ಲೊಂದು ಭಾಗದಿಂದ ಅರ್ಧದವರೆಗೆ ಇಳಿಯುವ ಹಾಗೆ ಎರಡೂ ಕಡೆಯ ಬೆಲ್ಟನ್ನು ಸಮವಾಗಿ ಬಿಗಿಯಿರಿ. ಆಗ ಸ್ಪ್ರಿಂಗ್ ಸದಾ ಮೇಲಕ್ಕೆ ತಳ್ಳುತ್ತಿರುತ್ತದೆ, ಬೆಲ್ಟ್ ಸದಾ ಕೆಳಕ್ಕೆ ಎಳೆಯುತ್ತಿರುತ್ತದೆ. ಈ ಜಗ್ಗಾಟ ಇರುವವರೆಗೂ ಬೈಕು ಅಲ್ಲಾಡುವುದಿಲ್ಲ. ಒಂದು ಕಡೆ ಪೂರ್ತಿ ಬಿಗಿದು ಆಮೇಲೆ ಇನ್ನೊಂದು ಕಡೆಗೆ ಹೋಗಬಾರದು. ಇಲ್ಲಿ ಸ್ವಲ್ಪ, ಅಲ್ಲಿ ಸ್ವಲ್ಪ. ಹಿಂದೆ ನಿಂತು ನೋಡಿದರೆ ಬೈಕು ನೆಟ್ಟಗಿರಬೇಕು. ಹುರುಪಿನಲ್ಲಿ ಶಾಕನ್ನು ತಳ ಮುಟ್ಟುವವರೆಗೆ ಕುಗ್ಗಿಸಿಬಿಡುವವರೂ ಇದ್ದಾರೆ. ಹಾಗೆ ಮಾಡಿದರೆ ಹೊಂಡದ ಏಟೆಲ್ಲ ನೇರವಾಗಿ ಬೆಲ್ಟಿಗೂ ಹ್ಯಾಂಡಲಿಗೂ ಬೀಳುತ್ತದೆ, ದೂರದ ದಾರಿಯಾದರೆ ಫೋರ್ಕಿನ ಆಯಿಲ್ ಸೀಲಿಗೂ ಒಳ್ಳೆಯದಲ್ಲ. ಏರಿಸುವ ಮೊದಲು ಎರಡೂ ಟೈರಿಗೆ ಗಾಳಿ ಹಿಡಿಸಿ. ಗಾಳಿ ಕಮ್ಮಿಯಿದ್ದ ಟೈರು ದಾರಿಯಲ್ಲಿ ಇನ್ನಷ್ಟು ಇಳಿದರೆ ನೀವು ಬಿಗಿದದ್ದೆಲ್ಲ ಸಡಿಲ.

ಬೆಲ್ಟಿನ ಓರೆಯೂ ಮುಖ್ಯ. ಮೇಲಿನಿಂದ ಕೆಳಕ್ಕೆ ಸುಮಾರು 45 ಡಿಗ್ರಿ ಓರೆಯಲ್ಲಿ ಇಳಿದರೆ, ಬೆಲ್ಟಿನಲ್ಲಿ 100 ಕೆ.ಜಿ. ಬಿಗಿ ಇದ್ದಾಗ 70 ಕೆ.ಜಿ.ಯಷ್ಟು ಬೈಕನ್ನು ಕೆಳಕ್ಕೆ ಒತ್ತುತ್ತದೆ, ಅಷ್ಟೇ ಬಲ ಪಕ್ಕಕ್ಕೂ ಹಿಡಿಯುತ್ತದೆ. ಅದೇ ಬೆಲ್ಟ್ ನೆಲಕ್ಕೆ ಸಮವಾಗಿ ಮಲಗಿದಂತಿದ್ದರೆ, 10 ಡಿಗ್ರಿ ಎಂದುಕೊಳ್ಳಿ, ಕೆಳಕ್ಕೆ ಸಿಗುವುದು ಬರೀ 17 ಕೆ.ಜಿ. ನಮ್ಮ ಟೆಂಪೊಗಳಲ್ಲಿ ಹಗ್ಗ ಕಟ್ಟುವ ಕೊಂಡಿಗಳು ಬಾಡಿಯ ಹೊರಗಡೆ, ಪಕ್ಕದ ಹಲಗೆಯ ಕೆಳಗೆ ಇರುತ್ತವೆ. ಬೆಲ್ಟ್ ಆ ಹಲಗೆಯ ಅಂಚನ್ನು ಹತ್ತಿ ಇಳಿದು ಹೋಗಬೇಕು. ಅಂದರೆ ಲೆಕ್ಕಕ್ಕೆ ಬರುವ ಓರೆ ಕೊಂಡಿಯದಲ್ಲ, ಆ ಅಂಚಿನದು. ಅದು ಒಂದಡಿ ಎತ್ತರದಲ್ಲಿರುವುದರಿಂದ ಬೆಲ್ಟ್ ಅಷ್ಟು ಮಲಗಿಬಿಡುತ್ತದೆ, ಜೊತೆಗೆ ತಗಡಿಗೆ ಉಜ್ಜಿ ಸವೆಯುತ್ತದೆ. ತಾತ್ಕಾಲಿಕಕ್ಕೆ ಅಂಚಿನ ಮೇಲೆ ಗೋಣಿಚೀಲ ಮಡಿಸಿ ಹಾಕಬಹುದು. ಆಗಾಗ ಬೈಕು ಸಾಗಿಸುವ ಟೆಂಪೊದವರಾದರೆ ವೆಲ್ಡಿಂಗ್ ಅಂಗಡಿಗೆ ಹೋಗಿ ಬಾಡಿಯ ಒಳಗೆ, ನೆಲದ ಮೂಲೆಗಳಲ್ಲಿ ನಾಲ್ಕು ಕಬ್ಬಿಣದ ಬಳೆ ಹಾಕಿಸಿಕೊಳ್ಳುವುದು ಸರಿಯಾದ ದಾರಿ. ಬರೀ ತಗಡಿಗೆ ಹಾಕಿಸಿದರೆ ತಗಡು ಸಮೇತ ಕಿತ್ತು ಬರುತ್ತದೆ. ಕೆಳಗಿನ ಅಡ್ಡಪಟ್ಟಿಗೆ ಸೇರಿಸಿ ಹಾಕಿಸಬೇಕು.

ಬೆಲ್ಟನ್ನು ಬೈಕಿನ ಯಾವ ಜಾಗಕ್ಕೆ ಹಾಕಬೇಕು? ಹೆಚ್ಚಿನವರ ಕೈ ಮೊದಲು ಹೋಗುವುದು ಹ್ಯಾಂಡಲಿನ ತುದಿಗೆ. ಅಲ್ಲಿ ಕ್ಲಚ್ ಕೇಬಲ್ ಇದೆ, ಬ್ರೇಕಿನ ಪೈಪಿದೆ, ರಬ್ಬರ್ ಗ್ರಿಪ್ ಜಾರುತ್ತದೆ, ಹ್ಯಾಂಡಲ್ ಬಾಗಲೂಬಹುದು. ಸ್ವಲ್ಪ ಕೆಳಗೆ, ಎರಡೂ ಫೋರ್ಕನ್ನು ಸೇರಿಸಿ ಹಿಡಿದಿರುವ ದಪ್ಪ ಲೋಹದ ಅಡ್ಡಭಾಗ ಇದೆಯಲ್ಲ, ಅದು ಸರಿಯಾದ ಜಾಗ. ಕೊಕ್ಕೆಯನ್ನು ನೇರವಾಗಿ ಲೋಹಕ್ಕೆ ಸಿಕ್ಕಿಸಿದರೆ ಬಣ್ಣ ಕಿತ್ತು ಬರುತ್ತದೆ. ಬೆಲ್ಟಿನದೇ ಒಂದು ತುಂಡನ್ನು ಕುಣಿಕೆಯಾಗಿ ಸುತ್ತಿ, ಆ ಕುಣಿಕೆಗೆ ಕೊಕ್ಕೆ ಹಾಕಿ. ಬೆಲ್ಟ್ ತಾಗುವ ಜಾಗದ ಧೂಳನ್ನು ಮೊದಲು ಒರೆಸಬೇಕು. ಬೆಲ್ಟಿನಡಿ ಸಿಕ್ಕ ಮಣ್ಣು ಹೊಸೂರು ಮುಟ್ಟುವುದರೊಳಗೆ ಟ್ಯಾಂಕಿನ ಬಣ್ಣವನ್ನು ಉಪ್ಪುಕಾಗದದ ಹಾಗೆ ಉಜ್ಜಿರುತ್ತದೆ.

ಮುಂದೆ ಎರಡು ಬೆಲ್ಟ್ ಬಿಗಿದು ಕೈ ಒರೆಸಿಕೊಳ್ಳುವುದು ಇನ್ನೊಂದು ರೂಢಿ. ಹಂಪು ದಾಟುವಾಗ ಟೆಂಪೊದ ಹಿಂಭಾಗವೇ ಹೆಚ್ಚು ಎಗರುವುದು. ಬೈಕಿನ ಹಿಂದಿನ ಚಕ್ರ ಅಲ್ಲೇ ಇರುವುದರಿಂದ ಅದು ಪ್ರತಿ ಹಂಪಿಗೂ ಒಂದಿಷ್ಟು ಪಕ್ಕಕ್ಕೆ ಜರುಗುತ್ತದೆ, ಮುಂದಿನ ಬಿಗಿಯೂ ಹಾಳಾಗುತ್ತದೆ. ಹಿಂದೆಯೂ ಎರಡು ಬೆಲ್ಟ್ ಬೇಕು, ಕೆಳಕ್ಕೆ ಮತ್ತು ತುಸು ಹಿಂದಕ್ಕೆ ಎಳೆಯುವಂತೆ. ಹಿಂದಿನ ಸವಾರನ ಫುಟ್‌ರೆಸ್ಟ್ ಚಾಸಿಗೆ ಸೇರುವ ಜಾಗ ಒಳ್ಳೆಯದು. ಸೈಲೆನ್ಸರ್, ಇಂಡಿಕೇಟರ್, ಪ್ಲಾಸ್ಟಿಕ್ ಪ್ಯಾನೆಲ್ ಇವುಗಳ ತಂಟೆಗೆ ಹೋಗಬೇಡಿ. ಚಕ್ರದ ರಿಮ್ಮಿನೊಳಗೆ ಹಾದು ಎರಡೂ ಪಕ್ಕಕ್ಕೆ ಒಂದು ಹಗ್ಗ ಬಿಗಿದರೆ ಇನ್ನೂ ಮೇಲು. ಮುಂದಿನ ಚಕ್ರವಂತೂ ಕ್ಯಾಬಿನ್ನಿನ ಹಿಂದಿನ ಹಲಗೆಗೆ ಒತ್ತಿಕೊಂಡೇ ಇರಬೇಕು, ನಡುವೆ ಹಳೇ ಟೈರೋ ಮರದ ತುಂಡೋ ಇದ್ದರೆ ಸಾಕು. ಬ್ರೇಕ್ ಹಾಕಿದಾಗಿನ ಆ 90 ಕೆ.ಜಿ. ಬಲವನ್ನು ಬೆಲ್ಟಿಗಿಂತ ಮೊದಲು ಆ ಹಲಗೆ ತಡೆಯುತ್ತದೆ.

ಸ್ಟ್ಯಾಂಡ್ ಹಾಕಬೇಕೇ ಬೇಡವೇ ಎಂಬ ವಾದ ಮೆಕ್ಯಾನಿಕ್ ಅಂಗಡಿಗಳಲ್ಲಿ ಮುಗಿಯುವುದೇ ಇಲ್ಲ. ನನ್ನ ಮತ ಖಚಿತ: ಬೇಡ. ಸೈಡ್ ಸ್ಟ್ಯಾಂಡ್ ಹಾಕಿ ಬಿಗಿದರೆ ಬೈಕಿನ ತೂಕದ ಜೊತೆ ಬೆಲ್ಟಿನ ಎಳೆತವೂ ಆ ಸಣ್ಣ ಕಾಲಿನ ಮೇಲೆ, ಅದರ ವೆಲ್ಡಿಂಗಿನ ಮೇಲೆ ಬೀಳುತ್ತದೆ. ಡಬಲ್ ಸ್ಟ್ಯಾಂಡ್ ನೋಡಲು ಭದ್ರ, ಆದರೆ ಚಕ್ರವೊಂದು ಗಾಳಿಯಲ್ಲಿ ನಿಂತಿರುತ್ತದೆ. ಸ್ಪ್ರಿಂಗ್ ಹೀರಿಕೊಳ್ಳಬೇಕಾದ ಕುಲುಕಾಟವನ್ನು ಚಾಸಿ ತಿನ್ನಬೇಕಾಗುತ್ತದೆ. ಎರಡೂ ಚಕ್ರ ನೆಲದ ಮೇಲಿರಲಿ, ಬೈಕು ಫಸ್ಟ್ ಗೇರಿನಲ್ಲಿರಲಿ, ಬೆಲ್ಟ್ ಬಿಗಿಯುವಾಗ ಸ್ಟ್ಯಾಂಡ್ ಆಸರೆಗಿದ್ದು ಆಮೇಲೆ ಮೇಲೇಳಲಿ. ನಮ್ಮ ಹಳ್ಳಿಗಳ ಟಿವಿಎಸ್ ಎಕ್ಸೆಲ್ ಮೊಪೆಡ್‌ಗಳಿಗೆ ಹಾಕಲು ಗೇರೇ ಇಲ್ಲ. ಸ್ಕೂಟರ್‌ಗಳದೂ, ಈಗಿನ ಎಲೆಕ್ಟ್ರಿಕ್ ಗಾಡಿಗಳದೂ ಅದೇ ಪಾಡು. ಅವಕ್ಕೆ ಹಳೇ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬ್ರೇಕ್ ಲಿವರನ್ನು ಹ್ಯಾಂಡಲಿಗೆ ಸೇರಿಸಿ ಸುತ್ತಿಬಿಡಿ, ಚಕ್ರ ಉರುಳುವುದಿಲ್ಲ. ಟ್ಯೂಬಿನ ಕೆಲಸ ಅಲ್ಲಿಗೇ ಮುಗಿಯಿತು. ಎಕ್ಸೆಲ್ ಹಿಂದೆ ಮೂಟೆ ಬಿಗಿಯುವ ಅಭ್ಯಾಸದಲ್ಲಿ ಬೈಕನ್ನೇ ಟ್ಯೂಬಿನಿಂದ ಕಟ್ಟಿದರೆ ಅದು ಎಳೆದಷ್ಟೂ ಹಿಗ್ಗುತ್ತದೆ.

ಹಗ್ಗದ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ನೈಲಾನ್ ಎಂದು ಕೊಡುವ ಬಣ್ಣದ ಹಗ್ಗಗಳಲ್ಲಿ ಎಷ್ಟೋ ನೈಲಾನೇ ಅಲ್ಲ, ಪಾಲಿಪ್ರೊಪಿಲೀನ್. ನುಣುಪು, ಗಂಟು ಜಾರುತ್ತದೆ, ಬಿಸಿಲಿಗೆ ಬಿದ್ದು ಬಿದ್ದು ಪುಡಿಯಾಗುತ್ತದೆ. ನಿಜವಾದ ನೈಲಾನ್ ಗಟ್ಟಿ, ಆದರೆ ಎಳೆದರೆ ಹಿಗ್ಗುವ ಗುಣ ಅದಕ್ಕೆ ಹೆಚ್ಚು, ನೆನೆದರೆ ಇನ್ನೂ ಹೆಚ್ಚು. ನಾರಿನ ಹಗ್ಗ ಗಂಟು ಚೆನ್ನಾಗಿ ಹಿಡಿಯುತ್ತದೆ, ಬಣ್ಣವನ್ನೂ ಚೆನ್ನಾಗಿ ಕೆರೆಯುತ್ತದೆ. ಇವೆಲ್ಲಕ್ಕಿಂತ ಒಳ್ಳೆಯದು ಹಲ್ಲುಗಾಲಿ ಇರುವ ಪಾಲಿಯೆಸ್ಟರ್ ಬೆಲ್ಟ್, ಲಾರಿಯವರು ರ‍್ಯಾಚೆಟ್ ಬೆಲ್ಟ್ ಅನ್ನುವುದು. ಹಿಗ್ಗುವುದು ಕಮ್ಮಿ, ಹಿಡಿ ಆಡಿಸಿದಷ್ಟೂ ಒಂದೊಂದೇ ಹಲ್ಲು ಬಿಗಿಯಾಗುತ್ತದೆ. ಕೊಳ್ಳುವಾಗ ಚೀಟಿ ನೋಡಿ: ಹರಿಯುವ ಬಲ ಬೇರೆ, ಹಾಕಬಹುದಾದ ಬಲ ಬೇರೆ. ಎರಡನೆಯದು ಮೊದಲನೆಯದರ ಮೂರನೇ ಒಂದು ಭಾಗ ಎಂದು ಹಿಡಿಯುವುದು ಪದ್ಧತಿ. ಅಂಚು ಹರಿದ ಬೆಲ್ಟನ್ನು ಗಂಟು ಹಾಕಿ ಬಳಸಬಾರದು. ಬೆಲ್ಟ್ ಸಿಗದ ಊರಿನಲ್ಲಿ ಹಗ್ಗವೇ ಗತಿಯಾದರೆ ಲಾರಿಯವರ ಗಂಟು ಕಲಿತಿರಬೇಕು. ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಕೆಳಗಿನ ಕೊಂಡಿಗೆ ಹಾಯಿಸಿ, ಮತ್ತೆ ಅದೇ ಕುಣಿಕೆಯೊಳಗೆ ತೂರಿಸಿ ಎಳೆಯುವುದು. ಬರೀ ಕೈಯಲ್ಲಿ ಎಳೆದದ್ದಕ್ಕಿಂತ ಎಷ್ಟೋ ಪಾಲು ಬಿಗಿ ಬರುತ್ತದೆ.

ಏಸ್‌ನ ಬಾಡಿ ಏಳಡಿಗೆ ತುಸು ಹೆಚ್ಚು ಉದ್ದ, ಐದಡಿಗೆ ತುಸು ಕಮ್ಮಿ ಅಗಲ. ಸ್ಪ್ಲೆಂಡರ್ ಎರಡು ಮೀಟರ್, ನೇರವಾಗಿ ಕೂರುತ್ತದೆ. ಕ್ಲಾಸಿಕ್ 350 ಅಂಚಿನಿಂದ ಅಂಚಿಗೆ ಬರುವುದರಿಂದ ಮೂಲೆಯಿಂದ ಮೂಲೆಗೆ ಓರೆಯಾಗಿ ನಿಲ್ಲಿಸಿದರೆ ಹಿಂದಿನ ಬಾಗಿಲು ಸಲೀಸಾಗಿ ಮುಚ್ಚುತ್ತದೆ. ಬಾಗಿಲು ತೆರೆದು ಚಕ್ರ ಹೊರಗೆ ಚಾಚಿಸಿಕೊಂಡು ಹೋಗುವುದು ಬೇಡ. ಟ್ರ್ಯಾಕ್ಟರ್ ಟ್ರೇಲರಿನ ಕಥೆ ಬೇರೆ. ಅದಕ್ಕೆ ಸ್ಪ್ರಿಂಗೇ ಇಲ್ಲದಿರುವುದು ಸಾಮಾನ್ಯ, ಹೊಂಡದ ಏಟು ಪೂರ್ತಿ ಬೈಕಿಗೆ. ಎರಡೇ ಚಕ್ರದ ಟ್ರೇಲರಿನಲ್ಲಿ ಭಾರ ಅಚ್ಚಿನ ಹಿಂದೆ ಬಿದ್ದರೆ ಮೂತಿ ಮೇಲೇಳುತ್ತದೆ, ಕೊಂಡಿಯ ಹಿಡಿತ ತಪ್ಪುತ್ತದೆ. ಬೈಕನ್ನು ಅಚ್ಚಿಗಿಂತ ಮುಂದೆಯೇ ನಿಲ್ಲಿಸಿ. ಕಾರಿಗೆ ಸಿಕ್ಕಿಸುವ ಸಣ್ಣ ಟ್ರೇಲರಿಗೂ ಇದೇ ನಿಯಮ. ಒಟ್ಟು ತೂಕದ ಶೇಕಡಾ ಹತ್ತರಿಂದ ಹದಿನೈದು ಭಾಗ ಕೊಂಡಿಯ ಮೇಲಿರಬೇಕು, ಇಲ್ಲದಿದ್ದರೆ ವೇಗ ಹೆಚ್ಚಿದಾಗ ಟ್ರೇಲರ್ ಹಾವಿನಂತೆ ಓಲಾಡುತ್ತದೆ.

ಏರಿಸುವಾಗ ನಾಲ್ಕು ಜನ ಹಿಡಿದು ಎತ್ತುವುದು ಹಳ್ಳಿಯ ಉತ್ಸಾಹ. ಸೊಂಟ ಉಳಿಯಬೇಕೆಂದರೆ ಉದ್ದದ ಹಲಗೆ ಮೇಲು. ಬಾಡಿಯ ಎತ್ತರ ಎರಡೂವರೆ ಅಡಿ ಎಂದಿಟ್ಟುಕೊಂಡರೆ, ಎಂಟಡಿ ಹಲಗೆಯ ಮೇಲೆ ಸ್ಪ್ಲೆಂಡರನ್ನು ತಳ್ಳಲು 35 ಕೆ.ಜಿ.ಯಷ್ಟು ಬಲ ಸಾಕು. ಐದಡಿ ಹಲಗೆಯಾದರೆ 56 ಬೇಕು. ಟೆಂಪೊವನ್ನು ಹೊಲದ ಬದುವಿಗೋ ದಿಬ್ಬಕ್ಕೋ ಹಿಂದೆ ತಾಗಿಸಿದರೆ ಇನ್ನೂ ಸುಲಭ. ಹಲಗೆಯ ಮೇಲ್ತುದಿಯನ್ನು ಗಾಡಿಗೆ ಕಟ್ಟಲೇಬೇಕು, ಇಲ್ಲದಿದ್ದರೆ ಬೈಕು ಅರ್ಧ ಏರಿದಾಗ ಹಲಗೆ ಜಾರುತ್ತದೆ. ಇಳಿಸುವಾಗ ಬೈಕು ಹಿಮ್ಮುಖವಾಗಿ ಬರುವುದರಿಂದ ಭಾರವೆಲ್ಲ ಹಿಂದಿನ ಚಕ್ರದ ಮೇಲಿರುತ್ತದೆ. ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆಯೇ ಹೊರತು ನಿಲ್ಲುವುದಿಲ್ಲ. ಇಂಜಿನ್ ಆರಿಸಿ ಗೇರಿನಲ್ಲಿಟ್ಟು ಕ್ಲಚ್ಚನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಇಳಿಸುವುದು ಉತ್ತಮ. ಕಾರ್ಬುರೇಟರ್ ಇರುವ ಹಳೇ ಬೈಕಾದರೆ ಪೆಟ್ರೋಲ್ ಟ್ಯಾಪ್ ಮುಚ್ಚಿರಲಿ. ರೈಲಿನಲ್ಲಿ ಕಳಿಸುವುದಾದರೆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಗೋಣಿ ಸುತ್ತಿಸಿ ಪಾರ್ಸೆಲ್ ಕಚೇರಿಗೆ ಒಯ್ಯಬೇಕು, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಜೊತೆಗಿರಬೇಕು.

ಹೊರಟು ನಾಲ್ಕೈದು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಬೆಲ್ಟ್ ಮುಟ್ಟಿ ನೋಡಿ. ಮೊದಲ ಕುಲುಕಾಟಕ್ಕೆ ಎಲ್ಲವೂ ಒಂದಿಷ್ಟು ಕೂತು ಸಡಿಲವಾಗಿರುತ್ತದೆ. ತಳಿಯಿಂದ ದೆಂಕಣಿಕೋಟೆಗೆ ಹೋಗುವವರು ಈ ಕೆಲಸವನ್ನು ಜವಳಗಿರಿಯ ಕಾಡು ಸಿಗುವ ಮೊದಲೇ, ಪೆಟ್ರೋಲ್ ಬಂಕಿನ ಬೆಳಕಿನಲ್ಲಿ ಮುಗಿಸಿಕೊಳ್ಳಲಿ. ರಾಗಿ ತೆನೆ ಬಲಿಯುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡು ಅಲ್ಲಿಗೆ ಬರುವುದು ಪ್ರತಿ ವರ್ಷದ ಮಾತು. ಕತ್ತಲಲ್ಲಿ ಗಾಡಿ ನಿಲ್ಲಿಸಿ ಹಗ್ಗ ಬಿಗಿಯುವ ಜಾಗ ಅದಲ್ಲ.

ಇನ್ನು ಆ ಹುಡುಗ. ಸರಕಿನ ಒಡೆಯ ಸರಕಿನ ಜೊತೆ ಕ್ಯಾಬಿನ್ನಿನಲ್ಲಿ ಕೂತು ಹೋಗಬಹುದು, ಅವನಿಗೆ ವಿಮೆಯ ರಕ್ಷಣೆಯೂ ಇದೆ. ಹಿಂದಿನ ಬಾಡಿಯಲ್ಲಿ ಸರಕಿನ ಮೇಲೆ ಕೂರಲು ಕಾನೂನು ಒಪ್ಪುವುದಿಲ್ಲ. ಬೈಕಿನ ವಿಮೆಯ ಬಗ್ಗೆ ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲದ ಒಳ್ಳೆಯ ಸುದ್ದಿಯಿದೆ. ನಮ್ಮ ದೇಶದ ಪ್ರಮಾಣಿತ ದ್ವಿಚಕ್ರ ಪಾಲಿಸಿಯ ಸ್ವಂತ ನಷ್ಟದ ಭಾಗದಲ್ಲಿ ರಸ್ತೆ, ರೈಲು, ಒಳನಾಡಿನ ಜಲಮಾರ್ಗ, ಲಿಫ್ಟ್, ವಿಮಾನ ಇವುಗಳಲ್ಲಿ ಬೈಕನ್ನು ಸಾಗಿಸುವಾಗ ಆಗುವ ಹಾನಿಯೂ ಸೇರಿದೆ. ಬರೀ ಥರ್ಡ್ ಪಾರ್ಟಿ ವಿಮೆ ಕಟ್ಟಿದವರಿಗೆ ಇದು ಸಿಗದು. ಟೆಂಪೊ ಕರೆಯುವ ಮೊದಲು ಪಾಲಿಸಿ ತೆಗೆದು ಒಮ್ಮೆ ನೋಡಿ, ಏರಿಸಿ ಕಟ್ಟಿದ ಮೇಲೆ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಮನೆ ಸಾಗಿಸುವ ಕಂಪನಿಗಳವರು ಗುಳ್ಳೆ ಪ್ಲಾಸ್ಟಿಕ್ ಸುತ್ತಿ ಹೊಳೆಯುವ ಪೊಟ್ಟಣ ಮಾಡಿ ತೋರಿಸುತ್ತಾರೆ. ಅದು ಗೀರು ತಡೆಯುತ್ತದೆ, ಬೀಳುವುದನ್ನು ತಡೆಯುವುದಿಲ್ಲ. ಒಳಗೆ ಹೇಗೆ ಬಿಗಿದಿದ್ದೀರಿ ಎಂದು ಅವರನ್ನೂ ಕೇಳಿ.

ತಳಿ, ದೆಂಕಣಿಕೋಟೆ, ಆನೇಕಲ್ ಕಡೆಯ ಟೆಂಪೊ ಮಾಲೀಕರಲ್ಲಿ ಒಂದು ಕೋರಿಕೆ. ಜಾಕಿ, ಸ್ಪ್ಯಾನರ್ ಜೊತೆಗೆ ಸೀಟಿನ ಹಿಂದೆ ನಾಲ್ಕು ಬೆಲ್ಟ್ ಇಟ್ಟುಕೊಳ್ಳಿ. ಅದಕ್ಕೆಂದು ಬಾಡಿಗೆಯಲ್ಲಿ ಐವತ್ತು ರೂಪಾಯಿ ಹೆಚ್ಚು ಕೇಳಿ, ಬೈಕಿನವರು ಕೊಡುತ್ತಾರೆ. ಹುಡುಗನನ್ನು ಮುಂದೆ ಕ್ಯಾಬಿನ್ನಿನಲ್ಲಿ ಕೂರಿಸಿಕೊಳ್ಳಿ.